ಧೂಳಿನ ಮೇಲೆ ಹಾಕಿದ ತಪ್ಪು

ಧೂಳೇ ಇರಬೇಕು. ಧೂಳಲ್ಲದೆ ಇನ್ನೇನು? ಆದರೆ ಶನಿವಾರವಷ್ಟೇ ಊದಿ ಸ್ವಚ್ಛ ಮಾಡಿದ್ದಾಗಿದೆಯಲ್ಲ. ಎರಡೇ ದಿನಕ್ಕೆ ಇಷ್ಟು ಧೂಳು ಎಲ್ಲಿಂದ ಬಂತು? ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದಿದೆ. ಬಾಗಿಲಿಗೆ ಒದ್ದೆ ಗೋಣಿಚೀಲ ಹಾಸಿದೆ. ಆದರೂ ಧೂಳೇ ಇರಬೇಕು. ಬೇರೇನಾದರೂ ಇದ್ದಿದ್ದರೆ ತನಗೆ ಗೊತ್ತಾಗದೆ ಇರುತ್ತಿತ್ತೇ?

ಹೀಗೆ ಯೋಚಿಸುತ್ತ ಮತೀನ ಗಾಳಿ ಊದುವ ಬ್ಲೋವರ್ ಕೈಯಲ್ಲಿ ಹಿಡಿದು ಸರ್ವರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಸೋಮವಾರ ಬೆಳಗಿನ ಒಂಬತ್ತು ಗಂಟೆ. ಹೊರಗೆ ಯಾರ್ಡುಗಳಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಗರಗಸಗಳು ಆಗಲೇ ಶುರುವಾಗಿದ್ದವು.

ಶಹಾಬಾದದಲ್ಲಿ ಯಾವ ಯಂತ್ರ ಕೆಟ್ಟರೂ ಜನ ಮೊದಲು ಧೂಳನ್ನೇ ಬೈಯುತ್ತಾರೆ. ಫ್ಯಾನ್ ನಿಂತರೆ ಧೂಳು. ಗಡಿಯಾರ ಹಿಂದೆ ಬಿದ್ದರೆ ಧೂಳು. ಊದು, ಒರೆಸು, ಬಂದ್ ಮಾಡಿ ಮತ್ತೆ ಚಾಲೂ ಮಾಡು. ನೂರಕ್ಕೆ ತೊಂಬತ್ತು ಸಲ ಸರಿಹೋಗುತ್ತದೆ. ಮತೀನ ಹತ್ತು ವರ್ಷ ಪಾಲಿಶ್ ಯಂತ್ರ ನಡೆಸಿದವನು. ಯಂತ್ರದ ವಿದ್ಯೆಯನ್ನು ಅವನು ಕಲಿತದ್ದೇ ಹೀಗೆ. ಕೆಮ್ಮು ಹತ್ತಿದ ಮೇಲೆ ಆ ಕೆಲಸ ಬಿಟ್ಟು, ಕಲಬುರಗಿಗೆ ಓಡಾಡಿ ಕಂಪ್ಯೂಟರ್ ಕಲಿತ. ಈಗ ಆರು ವರ್ಷದಿಂದ ಕಲ್ಲು ಕೆಲಸಗಾರರ ಸಂಘದ ಆರೋಗ್ಯ ಕೇಂದ್ರದಲ್ಲಿ ಸರ್ವರ್ ನೋಡಿಕೊಳ್ಳುತ್ತಾನೆ.

ಸರ್ವರ್ ಅಂದರೆ ದೊಡ್ಡ ಮಾತೇನಲ್ಲ. ಯಾವಾಗಲೂ ಚಾಲೂ ಇರುವ ಒಂದು ಕಂಪ್ಯೂಟರು. ನೀವು ಫೋನಿನಲ್ಲಿ ಏನಾದರೂ ಕೇಳಿದರೆ ಅದು ಹುಡುಕಿ ತೆಗೆದು ಕೊಡುತ್ತದೆ, ಅಷ್ಟೇ. ಹೀಗೆ ತೆಗೆದು ಕೊಡಲು ಅದರೊಳಗೆ ಒಂದು ಸಾಫ್ಟ್‌ವೇರ್ ಇರುತ್ತದೆ. ಕೇಂದ್ರದ ಸರ್ವರಿನಲ್ಲಿ ನಾನೂರ ಹನ್ನೆರಡು ಜನರ ವಿವರ ಇತ್ತು. ವಾಡಿಯವರು, ರಾವೂರಿನವರು, ಚಿತ್ತಾಪುರದವರು ಒಂದು ದಿನದ ಕೂಲಿ ಬಿಟ್ಟು ಸುಮ್ಮನೆ ಬಂದು ಹೋಗಬಾರದು, ಡಾಕ್ಟರು ಯಾವತ್ತು ಬರುತ್ತಾರೆ, ಎಕ್ಸ್‌ರೇ ಯಾವತ್ತು ಎಂದು ಕೂತಲ್ಲೇ ನೋಡಿಕೊಳ್ಳಬೇಕು ಅಂತ ಮತೀನನೇ ಅದನ್ನು ಮಾಡಿಟ್ಟಿದ್ದ. ಹೆಸರು, ಊರು, ಫೋನ್ ನಂಬರು, ಯಾವ ರೋಗ, ಯಾವ ಗುಳಿಗೆ, ಎಲ್ಲ ಅದರೊಳಗೇ ಇತ್ತು.

ಆ ಸೋಮವಾರ ಊದಿದರೂ ಸರ್ವರು ಚುರುಕಾಗಲಿಲ್ಲ. ಮತೀನ ಒಳಗಿನ ಫೈಲುಗಳನ್ನು ಒಂದೊಂದಾಗಿ ತೆಗೆದು ನೋಡಿದ. ಒಂದು ಫೈಲು ತಾನು ಇಟ್ಟದ್ದಾಗಿರಲಿಲ್ಲ. ಹೆಸರು ಅರ್ಥವಾಗದ ಅಕ್ಷರಗಳು. ಹುಟ್ಟಿದ ದಿನ, ಮೂರು ವಾರದ ಹಿಂದೆ. ಸರ್ವರು ಸುಸ್ತಾಗಲು ಶುರುವಾದದ್ದೂ ಮೂರು ವಾರದ ಹಿಂದೆಯೇ.

ಯಾರೋ ಒಳಗೆ ಬಂದಿದ್ದಾರೆ ಎಂದು ಅವನಿಗೆ ಹೊಳೆಯಿತು. ಅವನು ಆ ಫೈಲನ್ನು ಅಳಿಸಿದ. ಬಂದ್ ಮಾಡಿ ಚಾಲೂ ಮಾಡಿದ. ಸರ್ವರು ಓಡಿತು. ಪಕ್ಕದ ಕೋಣೆಯಲ್ಲಿ ಗುಳಿಗೆ ಎಣಿಸುತ್ತಿದ್ದ ಚಾಂದಬೀ ಕೂಗಿ ಕೇಳಿದಳು. ಆಕೆ ಕೇಂದ್ರದ ಹಳೆಯ ನರ್ಸು.

"ಆತೇನಪಾ ಮತೀನ? ಏನಾಗಿತ್ತಂತ ಅದಕ್ಕ?"

"ಧೂಳ ಆಪಾ," ಎಂದ ಮತೀನ.

ಅವನು ಕೆಟ್ಟ ಮನುಷ್ಯನಲ್ಲ. ಮಾತು ಕಡಿಮೆ, ಅಷ್ಟೇ. ಗೊತ್ತಿಲ್ಲ ಅನ್ನುವುದಕ್ಕಿಂತ ಸುಮ್ಮನಿರುವುದು ಮರ್ಯಾದೆ ಎಂದು ತಿಳಿದಿದ್ದ.

ಆದರೂ ಮನಸ್ಸು ತಡೆಯಲಿಲ್ಲ. ಸೇಡಂನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಶೈಲಶ್ರೀಗೆ ಫೋನ್ ಮಾಡಿದ. ಇಬ್ಬರೂ ಕಲಬುರಗಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು. "ಸರ್ವರ್ ಜರಾ ಸ್ಲೋ ಆಗ್ಯಾದ, ಬಂದು ನೋಡ್ತೀರೇನು?" ಎಂದನೇ ಹೊರತು ಫೈಲಿನ ಮಾತು ಎತ್ತಲಿಲ್ಲ. ಮಧ್ಯಾಹ್ನ ಆಕೆ ಬಂದಳು. ಚಪ್ಪಲಿ ಬಿಟ್ಟು, ಕುರ್ಚಿಯ ಮೇಲಿನ ಧೂಳು ಝಾಡಿಸಿ ಕೂತಳು.

"ಮತೀನ ಭಾಯಿ, ಇದಕ್ಕ ಕೊನೀ ಸಲ ಅಪ್‌ಡೇಟ್ ಯಾವಾಗ ಹಾಕಿದ್ರಿ?"

"ಹಾಕೀನಿ."

"ಯಾವಾಗ ಅಂತ ಕೇಳಾಕತ್ತೀನಿ."

"ಬರೋದೇ ಬಂದ್ ಆಗ್ಯಾದ. ಮೂರು ವರ್ಷ ಆತು."

ಶೈಲಶ್ರೀ ಅವನ ಮುಖ ನೋಡಿದಳು. "ಬರೋದು ಬಂದ್ ಆತು ಅಂದ್ರ ಏನ್ ಗೊತ್ತೇನು? ಈ ಸಾಫ್ಟ್‌ವೇರ್ ಮಾಡಿದವರೇ ಇದರ ಕೈ ಬಿಟ್ಟಾರ. ಇದು ಎಲ್ಲೆಲ್ಲಿ ಬಿರುಕು ಬಿಟ್ಟದ ಅಂತ ಕಳ್ಳರಿಗೆಲ್ಲ ಗೊತ್ತದ. ಮುಚ್ಚಾಕ ಮಾತ್ರ ಯಾರೂ ಇಲ್ಲ."

"ನಾ ಇದ್ದೀನಲ್ಲ. ಕೆಟ್ಟಾಗೆಲ್ಲ ನಾನೇ ರಿಪೇರಿ ಮಾಡೀನಿ."

ಅಷ್ಟರಲ್ಲಿ ಮತೀನನ ಹೆಂಡತಿ ಸಾನಿಯಾ ಹಿಂದಿನ ಓಣಿಯ ಮನೆಯಿಂದ ಚಹಾ, ಮಂಡಕ್ಕಿಯ ಸೂಸ್ಲಾ ತಂದಳು. ಕೊನೆಯ ಮಾತು ಅವಳ ಕಿವಿಗೆ ಬಿದ್ದಿತ್ತು.

"ಅದು ಇವರಿಗ ಎರಡನೇ ಹೆಂಡ್ತಿ ಇದ್ದಂಗ, ಶೈಲಶ್ರೀ ಬಾಯಿ. ಮೊದಲನೇದಕ್ಕ ಇಷ್ಟು ಪ್ರೀತಿಲೇ ಊದಿ ಒರಿಸಿದ್ದು ನಾ ಎಂದೂ ನೋಡಿಲ್ಲ."

ಶೈಲಶ್ರೀ ನಕ್ಕಳು. ಮತೀನ ನಗಲಿಲ್ಲ. ಆಕೆ ನಗುತ್ತಲೇ ಸರ್ವರಿನ ಲಾಗ್ ತೆರೆದಳು. ಯಾರು ಬಂದರು, ಯಾವಾಗ ಬಂದರು, ಏನು ಮುಟ್ಟಿದರು ಎಂದು ಸರ್ವರು ತಾನೇ ಬರೆದಿಡುವ ಪಟ್ಟಿ ಅದು. ಓದುತ್ತ ಓದುತ್ತ ಅವಳ ನಗು ನಿಂತಿತು. ಚಹಾ ಆರಿತು.

"ಬೆಳಿಗ್ಗೆ ಒಂದು ಫೈಲು ಅಳಿಸೀರೇನು ಭಾಯಿ?"

ಮತೀನ ಬ್ಲೋವರ್ ಎತ್ತಿ ಪಕ್ಕಕ್ಕಿಟ್ಟ. "ಹೂಂ. ಕಸ ಇತ್ತು."

"ಕಸ ಅಲ್ಲದು. ಕಳ್ಳ ಮತ್ತ ಮತ್ತ ಒಳಗ ಬರಾಕ ಮಾಡ್ಕೊಂಡ ಬಾಗಿಲ. ನೀವು ಒಂದು ಮುಚ್ಚೀರಿ. ಇನ್ನೂ ಎಷ್ಟು ತೆಗೆದಿಟ್ಟಾನೋ ಯಾರಿಗೆ ಗೊತ್ತು?"

"ಏನೂ ಕದ್ದಿಲ್ಲಲ್ಲ?"

"ಇಲ್ಲೀತನ ಪಟ್ಟಿ ಹೊರಗ ಹೋದದ್ದು ಕಾಣಸಂಗಿಲ್ಲ. ಅದು ನಿಮ್ಮ ನಸೀಬ. ಇವತ್ತೇ ಬಂದ್ ಮಾಡ್ರಿ. ಇಂಟರ್ನೆಟ್ ವೈರ್ ಕಿತ್ತು ಪಕ್ಕಕ್ಕ ಇಡ್ರಿ. ಪಟ್ಟಿಯಾಗ ಇದ್ದ ಮಂದಿಗ, ಹಿಂಗ ಹಿಂಗ ಆಗ್ಯಾದ ಅಂತ ಹೇಳ್ರಿ."

"ಶುಕ್ರವಾರ ಡಾಕ್ಟರ್ ಕ್ಯಾಂಪ್ ಅದ. ನಾಲ್ಕು ನೂರು ಮಂದಿ ತಾರೀಖು ನೋಡೋದು ಇದರಾಗೇ."

"ಹಾಳಿ ಮ್ಯಾಲ ಬರೆದು ಬಾಗಿಲಿಗ ಹಚ್ರಿ. ನಿಮ್ಮ ಅಕ್ಷರ ಭಾಳ ಚಂದ ಅವ."

"ಎಲ್ಲಾ ಬಿಟ್ಟು ಬ್ಯಾರೇ ಸರ್ವರಿಗ ಹೋಗು ಅಂತೀರೇನು? ಅಲ್ಲಿ ಕಳ್ಳರಿಲ್ಲೇನು?"

"ಅದಾರ. ಹೋದ ಕೂಡ್ಲೇ ಎಲ್ಲಾ ಸರಿ ಆಗ್ತದ ಅಂತ ನಾ ಎಲ್ಲಿ ಹೇಳಿದೆ? ಮೊದಲು ಬಂದ್ ಮಾಡಬೇಕು. ಕಳ್ಳ ಯಾವ ದಾರಿಲೇ ಬಂದ ಅಂತ ನೋಡಬೇಕು. ಮಾಡಿದವರೇ ಕೈ ಬಿಟ್ಟ ಸಾಫ್ಟ್‌ವೇರ್ ಮ್ಯಾಲ ಮಂದಿ ರೋಗದ ಹೆಸರು ಇಡಬಾರದು, ಅದಕ್ಕ ಕೊನೀಗ ಇದನ್ನ ಬಿಡಲೇಬೇಕು. ಆದ್ರ ತಿಳ್ಕೊಂಡು ಬಿಡಬೇಕು. ಅಂಜಿ ಓಡಿ ಹೋಗೂದಲ್ಲ."

ಸಾನಿಯಾ ಬಾಗಿಲಲ್ಲೇ ನಿಂತಿದ್ದಳು. "ಅಷ್ಟು ದೂರಲಿಂದ ಬಂದು ಹೇಳಾಕತ್ತಾರ, ಕೇಳ್ರಿ ಜೀ."

"ಶುಕ್ರವಾರ ಕಳೀಲಿ," ಎಂದ ಮತೀನ.

ಶೈಲಶ್ರೀ ಐದೂವರೆಗೆ ಹೊರಟಳು. ಹೋಗುವಾಗ, "ಪಾಸ್‌ವರ್ಡ್ ಆದ್ರೂ ಇವತ್ತೇ ಬದಲಾಯಿಸ್ರಿ" ಎಂದಳು. ಆ ಪಾಸ್‌ವರ್ಡ್ ಸಂಘದ ಹೆಸರು, ಅದರ ಮುಂದೆ ಸಂಘ ಹುಟ್ಟಿದ ಇಸವಿ. ಆರು ಜನಕ್ಕೆ ಗೊತ್ತಿತ್ತು. ಬದಲಾಯಿಸಿದರೆ ಆರೂ ಜನಕ್ಕೆ ಕಾರಣ ಹೇಳಬೇಕಿತ್ತು. ಮತೀನ ಬದಲಾಯಿಸಲಿಲ್ಲ.

ಮಂಗಳವಾರ ಸರ್ವರು ಚೆನ್ನಾಗಿ ಓಡಿತು. ಬುಧವಾರ, ಗುರುವಾರವೂ ಓಡಿತು. ಶುಕ್ರವಾರ ಕ್ಯಾಂಪಿನಲ್ಲಿ ಯಾರೂ ತಾರೀಖು ತಪ್ಪಿಸಿಕೊಳ್ಳಲಿಲ್ಲ. ಎಲ್ಲ ಮುಗಿದು ಮತೀನ ಮನೆಗೆ ಹೋಗಿ ಮುಖ ತೊಳೆಯುತ್ತಿದ್ದಾಗ ಸಾನಿಯಾ ಫೋನ್ ಹಿಡಿದು ಬಂದಳು. ಅವಳ ಮಹಿಳಾ ಸಂಘದ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಪಟ್ಟಿ ಹಾಕಿದ್ದರು.

ಅವಳು ಫೋನ್ ಅವನ ಕಣ್ಣ ಮುಂದೆ ಹಿಡಿದಳು. ಮೊದಲ ಹೆಸರು ನೋಡಿದಾಗಲೇ ಅವನಿಗೆ ಗೊತ್ತಾಯಿತು. ಸಾಲುಗಳನ್ನು ಅವನೇ ಜೋಡಿಸಿದ್ದ. ಹೆಸರು, ಊರು, ಫೋನು, ರೋಗ, ಗುಳಿಗೆ. ಕದ್ದವನು ಪಟ್ಟಿಯನ್ನು ಇಂಟರ್ನೆಟ್ಟಿನಲ್ಲಿ ಬಯಲಿಗೆ ಇಟ್ಟಿದ್ದ. ಅದು ನಮ್ಮ ಕಡೆಯ ಯಾರದೋ ಕಣ್ಣಿಗೆ ಬಿತ್ತು. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ. ರಾತ್ರಿ ಊಟದ ಹೊತ್ತಿಗೆ ವಾಡಿ, ಚಿತ್ತಾಪುರ ಎರಡೂ ಕಡೆ ಓದಿ ಮುಗಿಸಿದ್ದರು.

ಮರುದಿನ ಬೆಳಿಗ್ಗೆ ರಾವೂರಿನ ಲಾಲಮ್ಮ ಕೇಂದ್ರಕ್ಕೆ ಬಂದಳು. ಅವಳ ಗಂಡ ಲಾಲಪ್ಪ ಮತೀನನ ಜೊತೆಯಲ್ಲೇ ಕಲ್ಲು ಪಾಲಿಶ್ ಮಾಡಿದವನು. ಎದೆಯಲ್ಲಿ ಕಲ್ಲಿನ ಪುಡಿ ತುಂಬಿ ಸತ್ತು ಐದು ವರ್ಷ. ಮಗಳು ಯಶೋಧರಾಳಿಗೆ ಇಪ್ಪತ್ತಮೂರು. ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಆರು ತಿಂಗಳ ಟಿ.ಬಿ. ಔಷಧದಲ್ಲಿ ಅವಳು ನಾಲ್ಕು ತಿಂಗಳು ಮುಗಿಸಿದ್ದಳು. ಕೆಮ್ಮು ನಿಂತಿತ್ತು, ಮೈ ಕೈ ತುಂಬಿಕೊಂಡಿದ್ದವು. ಅವಳಿಂದ ಯಾರಿಗೂ ಹತ್ತುವ ಭಯವಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಆದರೆ ಪಟ್ಟಿಯಲ್ಲಿ ಆ ಮಾತು ಇರಲಿಲ್ಲ. ರೋಗದ ಹೆಸರು ಮಾತ್ರ ಇತ್ತು.

"ತಮ್ಮಾ, ನನ್ನ ಮಗಳ ಹೆಸರು ಮಂದಿ ಫೋನಿನಾಗ ಹ್ಯಾಂಗ ಬಂತು?"

"ಕುಂದ್ರಕ್ಕಾ."

"ಕುಂದ್ರಾಕ ಬಂದಿಲ್ಲ. ಹೊಲೀಲಾಕ ಕೊಟ್ಟ ಬಟ್ಟಿ ಎಲ್ಲಾ ಮುಂಜಾನೆ ವಾಪಸ್ ಒಯ್ದಾರ. ಕೊಯ್ದಿಟ್ಟ ಬಟ್ಟೀನೂ ಬಿಡಲಿಲ್ಲ. ಮನಿ ಒಳಗ ಕಾಲಿಡಲಿಲ್ಲ, ಹೊರಗೇ ನಿಂತು ಕೋಲಿಲೆ ಎಳ್ಕೊಂಡ್ರು. ಅಕಿ ನೋಡ್ಕೋತ ಕುಂತಾಳ. ನಿನಗ ಹೇಳಿದ ಮಾತು ಊರಿಗೆಲ್ಲ ಹ್ಯಾಂಗ ಹೋತು? ನೀ ಹೇಳಿದೇನು?"

"ಇಲ್ಲಕ್ಕಾ, ನಾ ಯಾಕ ಹೇಳಲಿ?"

"ಮತ್ತ ಯಾರು?"

"ನೋಡ್ತೀನಿ."

"ಏನ್ ನೋಡ್ತಿ ಇನ್ನ? ಎಲ್ಲಾರೂ ನೋಡ್ಯಾರ."

ಅವಳು ಹೋದ ಮೇಲೆ ಮತೀನ ಬಹಳ ಹೊತ್ತು ಸರ್ವರಿನ ಮುಂದೆ ಕೂತ. ಅದು ಮೆಲ್ಲಗೆ ಗುಂಯ್ ಎನ್ನುತ್ತ ಓಡುತ್ತಲೇ ಇತ್ತು. ನಂಬಿಕೆಯ ಪ್ರಾಣಿ ಕಚ್ಚಿದರೆ ಹೇಗೋ ಹಾಗೆ ಅವನಿಗೆ ಅದರ ಮೇಲೆ ಅಸಹ್ಯ ಬಂತು. ಇದರದೇ ತಪ್ಪು. ಇದನ್ನು ಬಿಟ್ಟುಬಿಟ್ಟರೆ ಎಲ್ಲ ಮುಗಿಯುತ್ತದೆ.

ಎರಡೇ ದಿನದಲ್ಲಿ ಅವನು ಒಂದು ಬಾಡಿಗೆ ಸರ್ವರು ಹಿಡಿದ. ಹೊಸ ಸಾಫ್ಟ್‌ವೇರು, ಹೊಸ ವಿಳಾಸ. ಹಳೆಯದರಲ್ಲಿದ್ದ ಎಲ್ಲವನ್ನೂ ಎತ್ತಿ ಅದರಲ್ಲಿ ಸುರಿದ. ಸಂಘದವರಿಗೆ, "ಈಗ ಫಿಕರ್ ಇಲ್ಲ, ಜಾಗಾನೇ ಬದಲಾಯಿಸೀನಿ" ಎಂದ. ಅವರೂ ಹೂಂ ಎಂದರು. ಪಟ್ಟಿಯಲ್ಲಿದ್ದವರಿಗೆ ಯಾರೂ ಏನೂ ಹೇಳಲಿಲ್ಲ. ಸುಮ್ಮನಿದ್ದರೆ ಜನ ಮರೆಯುತ್ತಾರೆ ಎಂದುಕೊಂಡರು.

ಶೈಲಶ್ರೀಗೆ ಫೋನಿನಲ್ಲಿ ತಿಳಿಸಿದಾಗ ಆಕೆ ಒಂದೇ ಮಾತು ಕೇಳಿದಳು.

"ಹಳೇದ್ರಾಗಿಂದ ಏನೇನು ಒಯ್ದ್ರಿ?"

"ಎಲ್ಲಾ. ಒಂದು ಕಡ್ಡಿ ಬಿಟ್ಟಿಲ್ಲ."

ಆ ಕಡೆ ಶೈಲಶ್ರೀ ಕ್ಯಾಲೆಂಡರಿನ ಹಾಳೆ ತಿರುವಿದಳು. "ಕಾಲೇಜಿನಾಗ ಪರೀಕ್ಷಾ ನಡದಾವ, ವಾರ ಬಿಟ್ಟು ಬರ್ತೀನಿ. ಅಲ್ಲೀತನ ಚಾಲೂ ಮಾಡಬ್ಯಾಡ್ರಿ ಭಾಯಿ."

"ಹೂಂ," ಎಂದ ಮತೀನ. ಚಾಲೂ ಮಾಡಿ ಆಗಿತ್ತು.

ಒಂಬತ್ತನೆಯ ದಿನಕ್ಕೆ ಎರಡನೆಯ ಪಟ್ಟಿ ಬಂತು. ಅದರಲ್ಲಿ ಒಂಬತ್ತು ಹೊಸ ಹೆಸರುಗಳಿದ್ದವು. ಹೊಸ ಸರ್ವರಿಗೆ ಹೋದ ಮೇಲೆ, ಅದನ್ನು ನಂಬಿ ಹೆಸರು ಬರೆಸಿದವರು.

ಆಗ ಮತೀನ ತಾನೇ ವೈರ್ ಕಿತ್ತ. ಹಳೆಯದೂ ಬಂದ್, ಹೊಸದೂ ಬಂದ್. ಶೈಲಶ್ರೀ ಬಂದು ಎರಡು ಹಗಲು ಕೂತಳು. ಎರಡನೆಯ ಹಗಲು ಹುಡುಕಿದ್ದು ಸಿಕ್ಕಿತು. ಕಳ್ಳ ಇಟ್ಟಿದ್ದ ಇನ್ನೊಂದು ಫೈಲು ಎಕ್ಸ್‌ರೇ ಫೋಟೋಗಳ ನಡುವೆ ಅಡಗಿತ್ತು. ಮತೀನ ಎಲ್ಲವನ್ನೂ ಎತ್ತಿ ಸುರಿದಾಗ ಅದೂ ಹೊಸ ಮನೆಗೆ ಬಂದಿತ್ತು. ಜೊತೆಗೆ ಪಾಸ್‌ವರ್ಡ್ ಕೂಡ ಅದೇ ಹಳೆಯದು.

"ತಗಣಿ ಇದ್ದ ಹಾಸಿಗಿ ಝಾಡಿಸದೇ ಹೊಸ ಮನಿಗ ಒಯ್ದಂಗ ಆತು," ಎಂದಳು ಸಾನಿಯಾ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ಇಲ್ಲಿದ್ದು ರಿಪೇರಿ ಮಾಡಿದ್ರೂ ತಪ್ಪು, ಅಲ್ಲಿಗ ಹೋದ್ರೂ ತಪ್ಪು," ಎಂದ ಮತೀನ. "ಮತ್ತ ನಾ ಏನ್ ಮಾಡಬೇಕಿತ್ತು?"

"ಎರಡೂ ತಪ್ಪಲ್ಲ ಭಾಯಿ. ಏನಾಗ್ಯಾದ ಅಂತ ನೋಡದೇ ರಿಪೇರಿ ಮಾಡಿದ್ರಿ. ಏನಾಗ್ಯಾದ ಅಂತ ನೋಡದೇ ಜಾಗಾನೂ ಬಿಟ್ರಿ."

ಆಮೇಲೆ ಆಕೆ ಹಳೆಯ ಲಾಗ್ ಮತ್ತೊಮ್ಮೆ ತೆರೆದಳು. ಮೊದಲ ಪಟ್ಟಿ ಹೊರಗೆ ಹೋದ ಸಾಲು ಸಿಕ್ಕಿತು. ಬುಧವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಆಕೆ ಬಂದು ಬಂದ್ ಮಾಡಲು ಹೇಳಿಹೋದ ಎರಡು ದಿನದ ಮೇಲೆ. ಆ ಹೊತ್ತಿಗೆ ಮತೀನ ಅದೇ ಕೋಣೆಯಲ್ಲಿ ಕೂತು ಕ್ಯಾಂಪಿನ ಚೀಟಿ ಬರೆಯುತ್ತಿದ್ದ.

"ನೋಡಿದ್ರೇನು?" ಎಂದಳು ಶೈಲಶ್ರೀ.

"ನೋಡಿದೆ."

ಶೈಲಶ್ರೀ ಲಾಗ್ ಮುಚ್ಚಿದಳು. ಹೊರಗೆ ಗರಗಸ ಕಲ್ಲು ಕೊಯ್ಯುತ್ತಿತ್ತು. ಅದು ನಿಂತಾಗ ಕೋಣೆ ಇನ್ನೂ ಸಣ್ಣದಾದಂತೆ ಅನ್ನಿಸಿತು.

ಈ ಸಲ ಕೆಲಸ ನಿಧಾನವಾಗಿ ನಡೆಯಿತು. ಇನ್ನೂ ಅಪ್‌ಡೇಟ್ ಬರುತ್ತಿರುವ ಸಾಫ್ಟ್‌ವೇರ್ ಹಾಕಿ, ಖಾಲಿ ಸರ್ವರಿನಿಂದ ಶುರು ಮಾಡಿದರು. ಹಳೆಯದರಿಂದ ಒಂದೊಂದು ಸಾಲನ್ನೂ ನೋಡಿ, ಬೇಕಾದದ್ದನ್ನು ಮಾತ್ರ ತಂದರು. ರೋಗದ ಹೆಸರು, ಗುಳಿಗೆಯ ಹೆಸರು ತರಲಿಲ್ಲ. ತಾರೀಖು ನೋಡಲು ರೋಗದ ಹೆಸರು ಯಾಕೆ ಬೇಕು? ಅದು ಡಾಕ್ಟರ ಕಪಾಟಿನ ಕಾಗದದಲ್ಲಿ ಇದ್ದರೆ ಸಾಕು ಎಂದು ಶೈಲಶ್ರೀ ಹೇಳಿದಾಗ, ಆರು ವರ್ಷದಿಂದ ಈ ಪ್ರಶ್ನೆ ತನಗೆ ಯಾಕೆ ಹೊಳೆಯಲಿಲ್ಲ ಎಂದು ಮತೀನ ಬೆರಗಾದ. ಆರು ಜನಕ್ಕೆ ಆರು ಬೇರೆ ಪಾಸ್‌ವರ್ಡು. ಒಳಗೆ ಹೋಗಬೇಕಾದರೆ ಅವರವರ ಫೋನಿಗೆ ಬರುವ ಅಂಕಿಯನ್ನೂ ಒತ್ತಬೇಕು. ಪ್ರತಿ ಶುಕ್ರವಾರ ಅಪ್‌ಡೇಟ್ ಬಂದಿದೆಯೇ ಎಂದು ನೋಡುವುದು, ಲಾಗ್ ಓದುವುದು, ಎಲ್ಲದರ ಒಂದು ನಕಲು ತೆಗೆದು ಇಂಟರ್ನೆಟ್ ಇಲ್ಲದ ಕಡೆ ಇಡುವುದು. ಸೈಬರ್ ಪೊಲೀಸರಿಗೆ ದೂರು ಬರೆದುಕೊಟ್ಟರು.

"ಇನ್ನ ಮಂದಿಗ ಹೇಳಬೇಕು," ಎಂದಳು ಶೈಲಶ್ರೀ.

"ಏನಂತ ಹೇಳಲಿ?"

"ಆದದ್ದು ಹೇಳ್ರಿ."

ಭಾನುವಾರ ಯಾರ್ಡಿನ ತಗಡಿನ ಶೆಡ್ಡಿನಲ್ಲಿ ಸಭೆ ಸೇರಿತು. ನಾನೂರು ಜನರಲ್ಲಿ ಅರವತ್ತು ಜನ ಬಂದಿದ್ದರು. ಉಳಿದವರು ಬರಲಿಲ್ಲ. ಬಂದರೆ ಪಟ್ಟಿಯಲ್ಲಿ ಇದ್ದವರು ಇವರೇ ಎಂದು ಕಾಣುತ್ತದಲ್ಲ. ಮತೀನ ನಿಂತು, ಕೇಂದ್ರದ ಸರ್ವರಿಗೆ ಕಳ್ಳ ಬಿದ್ದಿದ್ದ, ನಿಮ್ಮ ಹೆಸರು ಒಯ್ದಿದ್ದಾನೆ, ನಿಮ್ಮ ನಂಬರಿಗೆ ಯಾರಾದರೂ ಫೋನ್ ಮಾಡಿ ಆಸ್ಪತ್ರೆಯವರು ಎಂದು ಏನಾದರೂ ಕೇಳಿದರೆ ಕೊಡಬೇಡಿ ಎಂದು ಹೇಳಿದ. ಒಬ್ಬ ಮುದುಕ ಎದ್ದು ನಿಂತ.

"ಮೂರು ವಾರ ಆದ ಮ್ಯಾಲ ಹೇಳಾಕತ್ತಿಯಲ್ಲೋ. ಮೊನ್ನೆ ಒಬ್ಬಾಂವ ಫೋನ್ ಮಾಡಿ ನನ್ನ ರೋಗದ ಹೆಸರೇ ಹೇಳಿದ, ಆಧಾರ್ ನಂಬರ್ ಕೇಳಿದ. ರೋಗದ ಹೆಸರು ಗೊತ್ತದ ಅಂದ ಮ್ಯಾಲ ಡಾಕ್ಟರೇ ಇರಬೇಕು ಅಂತ ಕೊಟ್ಟೆ. ಈಗ ಏನ್ ಮಾಡ್ಲಿ?"

ಮತೀನ ಮುದುಕನ ಫೋನ್ ನಂಬರು ಬರೆದುಕೊಳ್ಳಲು ಜೇಬಿನಲ್ಲಿ ಪೆನ್ನು ಹುಡುಕಿದ. ಮುದುಕ ಕೂತುಕೊಂಡ.

ಲಾಲಮ್ಮ ಸಭೆಗೆ ಬಂದಿರಲಿಲ್ಲ. ಮತೀನ ಮತ್ತು ಚಾಂದಬೀ ರಾವೂರಿಗೆ ಹೋದರು. ಮನೆಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಬಟ್ಟೆ ಹೊದ್ದು ಕೂತಿತ್ತು. ಯಶೋಧರಾ ಇರಲಿಲ್ಲ. ಪಟ್ಟಿ ಬಂದ ನಾಲ್ಕನೆಯ ದಿನವೇ ಚಿಂಚೋಳಿಗೆ, ಚಿಕ್ಕಮ್ಮನ ಮನೆಗೆ ಹೋಗಿದ್ದಳು.

"ಗುಳಿಗಿ?" ಎಂದಳು ಚಾಂದಬೀ.

"ಎಲ್ಲಿ ಗುಳಿಗಿ? ನಿಮ್ಮ ಕೇಂದ್ರಕ್ಕ ಬರಬೇಕು ಅಂದ್ರ ಅಕಿ ಬಸ್ ಹತ್ತಬೇಕು. ಹತ್ತಿದ್ರ ಬಸ್ಸಿನಾಗ ಮಂದಿ ಸರಿದು ಕುಂದರ್ತಾರ. ಬಿಟ್ಟಾಳ."

"ಎಷ್ಟು ದಿನ ಆತವ್ವಾ?"

"ಇಪ್ಪತ್ತು ಮ್ಯಾಲ."

ಚಾಂದಬೀ ಹಣೆಗೆ ಕೈ ಹಚ್ಚಿದಳು. ನಡುವೆ ಬಿಟ್ಟರೆ ಆ ರೋಗ ಮತ್ತೆ ಏಳುತ್ತದೆ, ಎದ್ದರೆ ಹಳೆಯ ಗುಳಿಗೆಗೆ ಬಗ್ಗದೆಯೂ ಇರಬಹುದು ಎಂದು ನಿಧಾನವಾಗಿ ತಿಳಿಸಿ ಹೇಳಿದಳು. ಲಾಲಮ್ಮ ಗೋಡೆ ನೋಡುತ್ತ ಕೇಳಿದಳು.

"ನಿಮ್ಮನ್ನ ನಂಬಿ ಹೆಸರು ಬರೆಸಿದ್ದಕ್ಕ ಹಿಂಗ ಆತು. ಮತ್ತ ನಿಮ್ಮನ್ನೇ ನಂಬು ಅಂತೀರಿ."

"ನನ್ನ ನಂಬಬ್ಯಾಡ ಲಾಲಮ್ಮ. ಗುಳಿಗೀನ್ನ ನಂಬು," ಎಂದಳು ಚಾಂದಬೀ. "ಶಹಾಬಾದಕ್ಕ ಬರೂದು ಬ್ಯಾಡ. ಚಿಂಚೋಳಿ ಸರ್ಕಾರಿ ದವಾಖಾನಿಯಾಗ ಪುಕ್ಕಟ ಕೊಡ್ತಾರ. ಅಲ್ಲಿ ಅಕಿ ಯಾರು ಅಂತ ಯಾರಿಗೂ ಗೊತ್ತಿಲ್ಲ. ಗಂಡನ್ನ ಕಳ್ಕೊಂಡಿ. ಮಗಳನ್ನೂ ಮೌನದಾಗೇ ಕಳ್ಕೋತೀಯೇನು?"

ಲಾಲಮ್ಮ ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಮಾಡಿದಳು. ಆಮೇಲೆ ಎದ್ದು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. "ನಡೀರಿ," ಎಂದಳು.

ಮೂವರೂ ಬಸ್ಸು ಹಿಡಿದು ಚಿಂಚೋಳಿಗೆ ಹೋದರು. ಯಶೋಧರಾ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮತೀನನನ್ನು ಕಂಡು ಸೆರಗು ಬಾಯಿಗೆ ಹಿಡಿದಳು. ನಾಚಿಕೆಯಿಂದಲ್ಲ, ಕೆಮ್ಮು ಬಂದದ್ದಕ್ಕೆ. ಆ ಕೆಮ್ಮು ಮತೀನನಿಗೆ ಗೊತ್ತಿತ್ತು. ಲಾಲಪ್ಪ ಹೀಗೆಯೇ ಕೆಮ್ಮುತ್ತಿದ್ದ. ಲಾಲಮ್ಮನಿಗೂ ಗೊತ್ತಿತ್ತು. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಹುಡುಗಿ ಹೆಚ್ಚು ಹಟ ಮಾಡಲಿಲ್ಲ. ತಾಯಿ, "ನಾಳಿಗೆ ದವಾಖಾನಿಗ ಹೋಗೂಣು" ಎಂದದ್ದಕ್ಕೆ ಹೂಂ ಎಂದಳು. ಮತ್ತೆ ಕಫ ಪರೀಕ್ಷೆ ಆಗಬೇಕು, ಮತ್ತೆ ಮೊದಲಿನಿಂದ ಶುರು ಆಗಬಹುದು, ಈ ಸಲ ಆರು ತಿಂಗಳಿಗೆ ಮುಗಿಯುತ್ತದೆ ಅಂತ ಹೇಳಲಾಗದು ಎಂದು ಚಾಂದಬೀ ಅಂದಾಗಲೂ ಹೂಂ ಎಂದಳು. ಮತೀನನನ್ನು ಮಾತ್ರ ಒಂದು ಮಾತು ಕೇಳಿದಳು.

"ಕಾಕಾ, ನಿಮ್ಮ ಹೊಸಾದ್ರಾಗ ನನ್ನ ರೋಗದ ಹೆಸರು ಅದ ಏನ್ರಿ?"

"ಇಲ್ಲಮ್ಮಾ. ತೆಗೆದೀನಿ."

"ಮಂದಿ ಫೋನಿನಾಗಿಂದ?"

ಉತ್ತರಕ್ಕೆ ಕಾಯದೆ ಯಶೋಧರಾ ಮತ್ತೆ ಪಾತ್ರೆ ತೊಳೆಯಲು ಹೋದಳು.

ಹೊರಡುವಾಗ ಲಾಲಮ್ಮ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಬಂದಳು. ಸಿಟ್ಟು ಇಳಿದಿತ್ತು. ಸಿಟ್ಟು ಇದ್ದಿದ್ದರೆ ಮತೀನನಿಗೆ ಸುಲಭವಾಗುತ್ತಿತ್ತು.

"ಯಾವತ್ತು ಬಂದಿದ್ದ ತಮ್ಮಾ ಆ ಕಳ್ಳ? ನಿಮಗ ಯಾರಿಗೂ ಗೊತ್ತೇ ಆಗಲಿಲ್ಲೇನು?"

"ಕಳ್ಳರು ಹೇಳಿ ಬರ್ತಾರೇನಕ್ಕಾ," ಎಂದ ಮತೀನ. ಅವಳು ಅದನ್ನು ನಂಬಿ ತಲೆಯಾಡಿಸಿದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಸಂಘದಲ್ಲಿ, ಶಾಲೆಯಲ್ಲಿ, ದವಾಖಾನೆಯಲ್ಲಿ ಒಂದು ಕಂಪ್ಯೂಟರು ಜನರ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡುತ್ತಿರಬಹುದು. ಅದನ್ನು ನೋಡಿಕೊಳ್ಳುವವರನ್ನು ಇವತ್ತೇ ಕೇಳಿ: ಇದಕ್ಕೆ ಇನ್ನೂ ಅಪ್‌ಡೇಟ್ ಬರುತ್ತದೆಯೇ? ಹಾಕಿದ್ದೀರಾ? ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು? ನನ್ನ ಬಗ್ಗೆ ಇಷ್ಟೆಲ್ಲ ಯಾಕೆ ಬರೆದಿಟ್ಟಿದ್ದೀರಿ? ಕೇಳುವುದು ನಿಮ್ಮ ಹಕ್ಕು. ಹೇಳುವುದು ಅವರ ಕರ್ತವ್ಯ. ನೋಡಿಕೊಳ್ಳುವವರು ನೀವೇ ಆಗಿದ್ದರೆ, ಅಪ್‌ಡೇಟ್ ನಿಂತ ಸರ್ವರನ್ನು ತೇಪೆ ಹಾಕಿ ಓಡಿಸಬೇಡಿ. ಗಾಬರಿಯಲ್ಲಿ ಎಲ್ಲವನ್ನೂ ಹೊತ್ತು ಬೇರೆ ಕಡೆ ಓಡಲೂ ಬೇಡಿ. ನೀವು ಇಡದ ಒಂದು ಫೈಲು ಕಂಡರೂ ಮೊದಲು ವೈರ್ ಕೀಳಿ. ಗೊತ್ತಿದ್ದವರನ್ನು ಕರೆಯಿರಿ. ಅವತ್ತೇ ಜನರಿಗೆ ಹೇಳಿ. ಗೊತ್ತಾಗಲಿಲ್ಲ ಎನ್ನಲು ನಾಚಬೇಡಿ. ಮುಚ್ಚಿಟ್ಟ ಒಂದೊಂದು ದಿನಕ್ಕೂ ಬೆಲೆ ತೆರುವವರು ನೀವಲ್ಲ, ಪಟ್ಟಿಯಲ್ಲಿ ಹೆಸರಿದ್ದವರು.

ಕಳ್ಳ ಪಟ್ಟಿ ಒಯ್ದದ್ದು ಬುಧವಾರ, ಅವನು ಒಳಗೆ ಬಂದದ್ದು ತನಗೆ ಸೋಮವಾರವೇ ಗೊತ್ತಿತ್ತು ಎಂಬುದನ್ನು ಮತೀನ ಲಾಲಮ್ಮನಿಗೆ ಎಂದೂ ಹೇಳಲಿಲ್ಲ.